ಮಗನ ಹೊಟ್ಟೆ, ನನ್ನ ಮೊಟ್ಟೆ ಲೆಕ್ಕ

ಸದಾ ಹಸಿದಿರುವ ಮಗನಿಗೆ ರಾತ್ರಿಯ ಬದಲು ಸಂಜೆಯೇ ದೊಡ್ಡ ಊಟ ಕೊಡೋಣ ಅಂದಾಗ ‘ಇದು ಒಂದು ವಾರ ನಡೆದರೆ ಹೆಚ್ಚು’ ಅಂದಿದ್ದಳು ಹೆಂಡತಿ. ‘ಸುಮ್ನೆ ತಿಂಡಿ ಕಪಾಟಿಗೆ ಬೀಗ ಹಾಕು, ತಾನೇ ಸರಿ ಹೋಗ್ತಾನೆ’ ಅಂದಿದ್ದ ಅಣ್ಣ. ಈಗ ಹನ್ನೊಂದು ತಿಂಗಳಾಯಿತು. ಬೀಗ ಇಲ್ಲ, ಜಗಳ ಇಲ್ಲ, ಅಡುಗೆಮನೆಯ ಖರ್ಚೂ ಇಳಿದಿದೆ. ಹದಿಹರೆಯದ ಗಂಡು ಮಗ ಇರುವ ಮನೆಯವರಿಗೆ ಅಂತಲೇ ಇದನ್ನು ಬರೆಯುತ್ತಿದ್ದೇನೆ. ಆ ವಯಸ್ಸಿನ ಹುಡುಗರಿಗೆ ಹಸಿವು ಯಾಕೆ ಜಾಸ್ತಿ ಅಂತ ನಾನು ಹೇಳಬೇಕಾಗಿಲ್ಲ. ನಿಮ್ಮನೆ ಹುಡುಗನ ಪ್ಯಾಂಟು ಕಣಕಾಲಿನ ಮೇಲೆ ಹೋಗಿರುವುದನ್ನು ನೀವೇ ನೋಡಿರುತ್ತೀರಿ.

ನಮ್ಮವನಿಗೆ ಆಗ ಹದಿನಾಲ್ಕೂವರೆ. ಆ ಒಂದು ವರ್ಷದಲ್ಲಿ ಸುಮಾರು ಒಂಬತ್ತು ಸೆಂಟಿಮೀಟರ್ ಎತ್ತರ ಆದ. ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್ ಗೆರೆ ಇದೆ, ಅದಕ್ಕೇ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ. ಉಳಿದ ಲೆಕ್ಕವೆಲ್ಲ ಹೆಚ್ಚು ಕಡಿಮೆ.

ಸಂಜೆ ನಾಲ್ಕೂವರೆಗೆ ಶಾಲೆಯಿಂದ ಬರುತ್ತಿದ್ದ. ಬ್ಯಾಗು ಇನ್ನೂ ಹೆಗಲ ಮೇಲೇ ಇರುತ್ತಿತ್ತು. ಫ್ರಿಜ್ಜಿನ ಬಾಗಿಲನ್ನು ಮೊಣಕೈಯಲ್ಲಿ ತಡೆದುಕೊಂಡು, ಹಾಲಿನ ಪಾತ್ರೆಯನ್ನೇ ಬಾಯಿಗಿಟ್ಟುಕೊಳ್ಳುತ್ತಿದ್ದ. ಇನ್ನೊಂದು ಕೈ ಆಗಲೇ ಬ್ರೆಡ್ಡಿನ ಕವರ್ ಒಳಗೆ. ನಿಂತಲ್ಲೇ ಆರು ತುಂಡು. ಆಮೇಲೆ ಬಿಸ್ಕತ್ತು, ಚಿಪ್ಸ್, ಎರಡು ಬಾಳೆಹಣ್ಣು, ತಂಗಿಗೆ ಅಂತ ಎತ್ತಿಟ್ಟಿದ್ದ ಕೇಕು. ರಾತ್ರಿ ಎಂಟಕ್ಕೆ ಊಟಕ್ಕೆ ಕರೆದರೆ ‘ಹಸಿವಿಲ್ಲ’. ಹನ್ನೊಂದಕ್ಕೆ ಅಡುಗೆಮನೆಯಲ್ಲಿ ಮತ್ತೆ ದೀಪ. ತಂಗಿ ತನ್ನ ಪಾಲಿನ ಮೊಸರಿನ ಡಬ್ಬಿ ಮೇಲೆ ಕೆಂಪು ಪೆನ್ನಲ್ಲಿ ಹೆಸರು ಬರೆದಿಟ್ಟಿದ್ದಳು. ಖಾಲಿ ಮಾಡಿದ ಡಬ್ಬಿಯಲ್ಲಿ ಅವನು ‘ಥ್ಯಾಂಕ್ಸ್’ ಅಂತ ಚೀಟಿ ಹಾಕಿಟ್ಟ. ಅವತ್ತು ಮನೆಯಲ್ಲಿ ಎರಡು ತಾಸು ಮಹಾಯುದ್ಧ.

ತಿಂಗಳ ಖರ್ಚಲ್ಲಿ ಅಡುಗೆಮನೆಯ ಪಾಲು ಮೊದಲು ಕಾಲು ಭಾಗ ಇತ್ತು. ಅದು ಮೂರನೇ ಒಂದು ಭಾಗ ದಾಟಿದ ದಿನ ಅಡುಗೆಮನೆ ಲೆಕ್ಕವನ್ನು ನಾನೇ ಕೈಗೆ ತಗೊಂಡೆ. ನನಗೆ ಅಡುಗೆ ಅಷ್ಟಕ್ಕಷ್ಟೇ, ಆದರೆ ಲೆಕ್ಕ ಚೆನ್ನಾಗಿ ಬರುತ್ತದೆ.

ಮೊದಲು ಸೋತ ಕತೆ. ಅಣ್ಣನ ಮಾತು ಕೇಳಿ ತಿಂಡಿ ಕಪಾಟಿಗೆ ಬೀಗ ಹಾಕಿದೆ. ಹತ್ತು ದಿನ ಖರ್ಚು ಇಳಿದ ಹಾಗೆ ಕಂಡಿತು. ನಾನು ಬೀಗಿದೆ ಕೂಡ. ಆಮೇಲೆ ಗೊತ್ತಾಯಿತು, ಅವನ ಪಾಕೆಟ್ ಮನಿ ಪೂರ್ತಿ ಹೊರಗಿನ ಕರಿದ ತಿಂಡಿಗೆ ಹೋಗುತ್ತಿತ್ತು, ಜೊತೆಗೆ ಗೆಳೆಯನ ಮನೆಯಲ್ಲಿ ದಿನಾ ಒಂದು ಊಟ. ಆ ಗೆಳೆಯನ ತಾಯಿ ನಗುತ್ತಲೇ ಹೇಳಿದರು. ನನಗೆ ಮಾತ್ರ ನಗು ಬರಲಿಲ್ಲ. ಬೀಗ ಅವತ್ತೇ ತೆಗೆದೆ.

ಆಮೇಲೆ ದೊಡ್ಡ ಪ್ಯಾಕೆಟ್ ತಂದರೆ ಅಗ್ಗ ಅಂತ ಎಲ್ಲವನ್ನೂ ದೊಡ್ಡದೇ ತಂದೆ. ಗ್ರಾಂ ಲೆಕ್ಕಕ್ಕೆ ಅಗ್ಗವೇ. ಆದರೆ ಚಿಕ್ಕ ಪ್ಯಾಕೆಟ್ ಎಷ್ಟು ದಿನ ಬರುತ್ತಿತ್ತೋ ದೊಡ್ಡದೂ ಅಷ್ಟೇ ದಿನ ಬಂತು. ಪ್ಯಾಕೆಟ್ ಬಿಚ್ಚಿದ್ದರೆ ಅದು ಮುಗಿಯಲೇಬೇಕು ಅನ್ನುವುದು ಅವನ ಧರ್ಮ.

ಪ್ರೋಟೀನ್ ಪುಡಿಯ ಡಬ್ಬವೊಂದನ್ನೂ ತಂದಿದ್ದೆ, ಯಾರೋ ಹೇಳಿದರು ಅಂತ. ನಾಲ್ಕು ಸಲ ಕುಡಿದ. ಉಳಿದದ್ದು ಇನ್ನೂ ಅಟ್ಟದ ಮೇಲಿದೆ. ಆ ದುಡ್ಡಲ್ಲಿ ಮೂರು ತಿಂಗಳ ಮೊಟ್ಟೆ ಬರುತ್ತಿತ್ತು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಎಲ್ಲಕ್ಕಿಂತ ದೊಡ್ಡ ಸೋಲು ಭಾನುವಾರದ ಹಂಡೆ. ವಾರಕ್ಕೆಲ್ಲ ಒಂದೇ ದಿನ ಬೇಯಿಸಿಡುತ್ತೇನೆ ಅಂತ ಕಾಳು, ಆಲೂಗಡ್ಡೆ, ತರಕಾರಿ ಸೇರಿಸಿ ಮನೆಯಲ್ಲಿದ್ದ ಅತಿ ದೊಡ್ಡ ಪಾತ್ರೆ ತುಂಬಾ ಮಾಡಿದೆ. ಸ್ವಲ್ಪ ಆರಿಸಿ ಹಾಗೇ ಫ್ರಿಜ್ಜಿಗಿಟ್ಟೆ. ಮಂಗಳವಾರ ಮುಚ್ಚಳ ತೆಗೆದರೆ ನಡುವೆ ಸಣ್ಣ ಗುಳ್ಳೆ, ಹುಳಿ ವಾಸನೆ. ಮೇಲೆ ತಣ್ಣಗಿತ್ತು, ಒಳಗೆ ರಾತ್ರಿಯೆಲ್ಲ ಬೆಚ್ಚಗೇ ಕೂತಿತ್ತು. ಅರ್ಧ ಹಂಡೆ ಚೆಲ್ಲಿದೆ. ಹೆಂಡತಿ ಏನೂ ಅನ್ನಲಿಲ್ಲ, ಪಾತ್ರೆ ಮಾತ್ರ ನನ್ನ ಕೈಲೇ ತೊಳೆಸಿದಳು. ಈಗ ಏನೇ ಬೇಯಿಸಿದರೂ ಎರಡು ಬೆರಳು ಆಳದ ಅಗಲ ಡಬ್ಬಿಗಳಿಗೆ ಹಂಚಿ, ಒಂದೆರಡು ತಾಸಿನ ಒಳಗೆ ಒಳಗಿಡುತ್ತೇನೆ. ಅನ್ನಕ್ಕಂತೂ ಇದು ಇನ್ನೂ ಮುಖ್ಯ. ಮೂರು ದಿನಕ್ಕಿಂತ ಜಾಸ್ತಿ ಇಡುವುದಿಲ್ಲ. ಇಡುವಷ್ಟು ಉಳಿಯುವುದೂ ಇಲ್ಲ ಬಿಡಿ.

ಕೊನೆಗೆ ಒಂದು ವಾರ ಬಾಯಿ ಮುಚ್ಚಿಕೊಂಡು ಬರೆದೆ. ಏನು ತಿಂದ ಅನ್ನುವುದಕ್ಕಿಂತ ಎಷ್ಟು ಗಂಟೆಗೆ ತಿಂದ ಅಂತ. ಬೆಳಿಗ್ಗೆ ನಿದ್ದೆಗಣ್ಣಲ್ಲಿ ಎರಡು ತುತ್ತು. ಮಧ್ಯಾಹ್ನದ ಡಬ್ಬಿ ಹತ್ತೂವರೆಗೇ ಖಾಲಿ, ಇದು ವಿಚಾರಿಸಿದ ಮೇಲೆ ಗೊತ್ತಾದದ್ದು. ಆಮೇಲೆ ನಾಲ್ಕೂವರೆವರೆಗೆ ಬರೀ ನೀರು. ನಾಲ್ಕೂವರೆಯಿಂದ ಆರರ ಒಳಗೆ ದಿನದ ಅರ್ಧಕ್ಕಿಂತ ಜಾಸ್ತಿ ತಿನ್ನುತ್ತಿದ್ದ! ಅಷ್ಟು ಹೊತ್ತಿಗೆ ನಮ್ಮ ಮನೆಯಲ್ಲಿ ಊಟ ಅನ್ನುವುದು ಇರುತ್ತಲೇ ಇರಲಿಲ್ಲ. ಇರುತ್ತಿದ್ದದ್ದು ಪ್ಯಾಕೆಟ್ಟು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅಂತಾರಲ್ಲ, ಹಾಗೆ. ಒಳ್ಳೆಯ ಊಟವನ್ನೆಲ್ಲ ಅವನಿಗೆ ಹಸಿವಿಲ್ಲದ ಎಂಟು ಗಂಟೆಗೆ ಬಡಿಸುತ್ತಿದ್ದೆವು.

ಅಲ್ಲಿಗೆ ತೀರ್ಮಾನ ಆಯಿತು. ಅವನ ದಿನದ ದೊಡ್ಡ ಊಟ ನಾಲ್ಕೂಮುಕ್ಕಾಲಿಗೆ. ಪೂರ್ತಿ ಊಟ, ತಟ್ಟೆ ತುಂಬಾ, ಬಿಸಿಬಿಸಿ. ಎಂಟಕ್ಕೆ ನಮ್ಮ ಜೊತೆ ಚಿಕ್ಕ ತಟ್ಟೆ.

ಹೆಂಡತಿ ಒಪ್ಪಲಿಲ್ಲ. ‘ರಾತ್ರಿ ಒಟ್ಟಿಗೆ ಕೂತು ಉಣ್ಣೋದು ಒಂದೇ ಉಳಿದಿತ್ತು, ಅದೂ ಹೋಯಿತು’ ಅಂದಳು. ಅವಳ ಭಯ ನ್ಯಾಯವಾದದ್ದೇ. ಮೊದಲ ವಾರ ಅವನು ಎಂಟಕ್ಕೆ ಬರಲೇ ಇಲ್ಲ. ಎರಡನೇ ವಾರದಿಂದ ಬಂದು ಕೂತ. ಹಸಿವಿನ ಆತುರ ಇಲ್ಲದ್ದಕ್ಕೋ ಏನೋ, ಮೊದಲಿಗಿಂತ ಜಾಸ್ತಿ ಹೊತ್ತು ಕೂತು ಮಾತಾಡುತ್ತಾನೆ. ಇದನ್ನು ನಾನು ಎಣಿಸಿರಲಿಲ್ಲ, ಆದರೆ ಹೆಸರು ಮಾತ್ರ ನಾನೇ ತಗೊಂಡೆ.

ನಾಲ್ಕೂಮುಕ್ಕಾಲಿಗೆ ನಾವಿಬ್ಬರೂ ಮನೆಯಲ್ಲಿರುವುದಿಲ್ಲ. ಬೆಳಿಗ್ಗೆ ಮಾಡಿ ಬಿಸಿ ಆರದ ಡಬ್ಬಿಯಲ್ಲಿಟ್ಟು ಹೋದೆ. ಅದು ಒಂಬತ್ತು ತಾಸಿಗೆ ಬಿಸಿಯೂ ಅಲ್ಲ, ತಣ್ಣಗೂ ಅಲ್ಲ, ಕೆಟ್ಟ ವಾಸನೆ ಬೇರೆ. ಎರಡು ದಿನದ ಊಟ ಕಸಕ್ಕೆ. ಫ್ರಿಜ್ಜಿನಲ್ಲಿಟ್ಟು ‘ಬಿಸಿ ಮಾಡಿಕೋ’ ಅಂದರೆ ಮಾಡಿಕೊಳ್ಳದೆ ಬ್ರೆಡ್ಡೇ ತಿಂದ. ಪಾತ್ರೆಯಿಂದ ಬಾಣಲೆಗೆ ಹಾಕಬೇಕು, ಆಮೇಲೆ ಎರಡನ್ನೂ ತೊಳೆಯಬೇಕು ಅನ್ನುವುದೇ ಅವನ ತಕರಾರು. ಒಂದೇ ಗಾಜಿನ ಡಬ್ಬಿ ಮಾಡಿದೆ. ಅದರಲ್ಲೇ ತುಂಬು, ಅದರಲ್ಲೇ ಮೈಕ್ರೋವೇವಿಗೆ ಇಡು, ಅದರಲ್ಲೇ ತಿನ್ನು. ನಡುವೆ ಒಮ್ಮೆ ಕಲಕಿ, ಆವಿ ಏಳುವವರೆಗೆ ಕಾಯಿಸಬೇಕು, ಅದೊಂದೇ ನಿಯಮ. ಡಬ್ಬಿ ಇಡುವ ಜಾಗವೂ ಲೆಕ್ಕಕ್ಕೆ ಬರುತ್ತದೆ. ಅವನ ಕಣ್ಣಿನ ಎತ್ತರಕ್ಕೆ, ಹಾಲಿನ ಮುಂದೆ. ಕೆಳಗಿನ ಶೆಲ್ಫಿನಲ್ಲಿಟ್ಟ ದಿನ ಅವನಿಗೆ ಅದು ಕಾಣುವುದೇ ಇಲ್ಲ. ನಿಜವಾಗಿ ಕಾಣುವುದಿಲ್ಲ, ನಾಟಕ ಅಲ್ಲ.

ಡಬ್ಬಿಯಲ್ಲಿ ಏನು? ಇಲ್ಲಿ ನನ್ನ ಮೊಟ್ಟೆ ಲೆಕ್ಕ ಬರುತ್ತದೆ. ಇದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇದೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್. ಅದನ್ನೇ ನಾಣ್ಯ ಮಾಡಿಕೊಂಡೆ. 25 ಗ್ರಾಂ ಒಣ ಬೇಳೆ ಅಂದರೆ ಒಂದು ಮೊಟ್ಟೆ. ಒಂದು ಹಿಡಿ, ಅಂದರೆ 25 ಗ್ರಾಂ ಕಡಲೆಕಾಯಿ ಬೀಜ, ಒಂದು ಮೊಟ್ಟೆ. ಸಣ್ಣ ಲೋಟ ಹಾಲು ಒಂದು ಮೊಟ್ಟೆ. ಒಣ ಸೋಯಾ ತುಂಡಾದರೆ 12 ಗ್ರಾಂ ಸಾಕು. ಬ್ರೆಡ್ಡು ಎರಡೂವರೆ ತುಂಡು ಬೇಕು. ಬಿಸ್ಕತ್ತಿನಲ್ಲಿ ಅಷ್ಟೇ ಸಿಗಬೇಕಾದರೆ ಹತ್ತಿರ ಹತ್ತಿರ ನೂರು ಗ್ರಾಂ ತಿನ್ನಬೇಕು. ಅವನ ವಯಸ್ಸಿಗೆ ಕಿಲೋ ತೂಕಕ್ಕೆ 0.85 ಗ್ರಾಂ ಪ್ರೋಟೀನ್ ಸಾಕು ಅಂತಾರೆ. ಅವನು ಆಗ 56 ಕಿಲೋ. ಎಂಟು ಮೊಟ್ಟೆ ಲೆಕ್ಕ ಆಯಿತು. ಎಂಟೂ ಮೊಟ್ಟೆಯೇ ಆಗಬೇಕಿಲ್ಲ, ಅದೇ ಇದರ ಸುಖ. ಮಾರುಕಟ್ಟೆಯಲ್ಲಿ ಯಾವ ವಸ್ತು ನೋಡಿದರೂ ‘ಒಂದು ಮೊಟ್ಟೆಗೆ ಎಷ್ಟು ಬಿತ್ತು?’ ಅಂತ ಕೇಳಿಕೊಳ್ಳುತ್ತೇನೆ. ಹಾಗೆ ನೋಡಿದರೆ ನಮ್ಮ ಮನೆಯ ಅತಿ ದುಬಾರಿ ಪದಾರ್ಥ ಬಿಸ್ಕತ್ತೇ ಆಗಿತ್ತು. ಅಗ್ಗ ಅಂದುಕೊಂಡೇ ತರುತ್ತಿದ್ದೆವು.

ಸಂಜೆ ಡಬ್ಬಿಗೆ ಬೇಯಿಸಿ ತುಂಡು ಮಾಡಿದ ಎರಡು ಮೊಟ್ಟೆ (ಇಡಿಯಾಗಿ ಇಟ್ಟರೆ ಮೈಕ್ರೋವೇವಿನಲ್ಲಿ ಸಿಡಿಯಬಹುದು), ಗಟ್ಟಿ ಬೇಳೆ ಅಥವಾ ಕಾಳು ಎರಡು ದೊಡ್ಡ ಸೌಟು, ಇದ್ದ ತರಕಾರಿ, ಅದರ ಕೆಳಗೆ ಅನ್ನ ಅಥವಾ ಆಲೂಗಡ್ಡೆ. ಮೇಲೆ ಉದುರಿಸಲು ನನ್ನದೇ ಒಂದು ಪುಡಿ ಇದೆ. ಎಳ್ಳು, ಕಡಲೆಕಾಯಿ, ಒಣಮೆಣಸು ಅಂತ ಹೇಳಬಲ್ಲೆ, ಇನ್ನೆರಡು ಹೇಳಲ್ಲ. ಆ ಪುಡಿ ಇದ್ದರೆ ಅವನು ನಿನ್ನೆಯದನ್ನೇ ಇವತ್ತೂ ತಿನ್ನುತ್ತಾನೆ, ಅಷ್ಟು ಗ್ಯಾರಂಟಿ.

ಆಲೂಗಡ್ಡೆ ವಿಷಯ ಬಂತಲ್ಲ, ಅದರ ಹಿಂದೆ ಹದಿನೈದು ದಿನ ಓಡಿದ್ದೆ. 1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದವರು 38 ಬಗೆಯ ಆಹಾರವನ್ನು, ಒಂದೊಂದೂ 240 ಕ್ಯಾಲೊರಿ ಬರುವಷ್ಟು ಕೊಟ್ಟು, ಯಾವುದು ಹೆಚ್ಚು ಹೊತ್ತು ಹೊಟ್ಟೆ ತುಂಬಿದ ಹಾಗೆ ಇಡುತ್ತದೆ ಅಂತ ಪರೀಕ್ಷೆ ಮಾಡಿದ್ದರು. ಬಿಳಿ ಬ್ರೆಡ್ಡಿಗೆ 100 ಅಂಕ ಅಂತ ಇಟ್ಟುಕೊಂಡರೆ ಬೇಯಿಸಿದ ಆಲೂಗಡ್ಡೆಗೆ 323. ನಾನೂ ಮಾಡಿ ನೋಡಿದೆ. ಒಂದು ವಾರ ಬ್ರೆಡ್ಡಿನ ಸಂಜೆ, ಒಂದು ವಾರ ಆಲೂಗಡ್ಡೆ ಸಂಜೆ. ಬ್ರೆಡ್ಡಿನ ವಾರ ಆರೂವರೆಗೇ ಮತ್ತೆ ಅಡುಗೆಮನೆಗೆ ಬರುತ್ತಿದ್ದ, ಆಲೂಗಡ್ಡೆ ವಾರ ಏಳೂವರೆ ದಾಟುತ್ತಿತ್ತು. ಒಬ್ಬನ ಮೇಲೆ ಮಾಡಿದ ಪರೀಕ್ಷೆ, ಅದಕ್ಕೆಷ್ಟು ಬೆಲೆಯೋ ಅಷ್ಟೇ. ಆದರೆ ಕರಿದ ಆಲೂಗಡ್ಡೆ ಈ ಲೆಕ್ಕಕ್ಕಿಲ್ಲ. ‘ಅದೂ ಆಲೂಗಡ್ಡೆ ತಾನೇ’ ಅಂತ ವಾದ ಮಾಡಿ ನೋಡಿದ.

ಇನ್ನೊಂದು ಪ್ರಯೋಗ ಸುಮ್ನೆ ಶುರುವಾದದ್ದು. ಸುಲಿದ ಕಡಲೆಕಾಯಿ ಡಬ್ಬಿ ಒಂದೇ ದಿನದಲ್ಲಿ ಖಾಲಿ ಆಗುತ್ತಿತ್ತು. ಸಿಪ್ಪೆ ಸಮೇತ ತಂದಿಟ್ಟೆ. ಅದೇ ತೂಕದ ಬೀಜ ನಾಲ್ಕು ದಿನ ಬಂತು. ಸುಲಿಯುವ ಬೇಸರಕ್ಕೆ ಕೈ ತಾನೇ ನಿಲ್ಲುತ್ತದೆ. ನೆಲದ ಮೇಲೆಲ್ಲ ಸಿಪ್ಪೆ ಬೀಳುತ್ತದೆ, ಅದಕ್ಕೆ ನನ್ನ ಬಳಿ ಉಪಾಯ ಇಲ್ಲ. ಊಟಕ್ಕೆ ಮುಂಚೆ ಎರಡು ಲೋಟ ನೀರು ಕುಡಿಸುವುದು, ಚಿಕ್ಕ ತಟ್ಟೆಯಲ್ಲಿ ಬಡಿಸುವುದು, ಇವೆರಡೂ ದಂಡ. ಚಿಕ್ಕ ತಟ್ಟೆ ಕೊಟ್ಟರೆ ಮೂರು ಸಲ ಬಡಿಸಿಕೊಂಡ. ಬ್ರೆಡ್ಡು ಮನೆಯಲ್ಲೇ ಮಾಡಿದರೆ ಅಗ್ಗ ಅಂತ ಅದನ್ನೂ ಮಾಡಿದೆ. ಮೂರು ತಾಸಿನ ಕೆಲಸ. ಒಲೆಯಿಂದ ತೆಗೆದು ಹತ್ತು ನಿಮಿಷಕ್ಕೆ ಇಡೀ ಬ್ರೆಡ್ಡು ಮಾಯ, ಆರಲೂ ಬಿಡಲಿಲ್ಲ.

ಕೇಳದೆ ತಿನ್ನಬಹುದಾದ ಒಂದು ಶೆಲ್ಫನ್ನು ಅವನಿಗೇ ಬಿಟ್ಟುಕೊಟ್ಟಿದ್ದೇನೆ. ಸಿಪ್ಪೆ ಕಡಲೆಕಾಯಿ, ಬಾಳೆಹಣ್ಣು, ಓಟ್ಸ್, ಫ್ರಿಜ್ಜಿನಲ್ಲಿ ಒಂದು ಡಜನ್ ಬೇಯಿಸಿದ ಮೊಟ್ಟೆ. ಅದರಲ್ಲಿ ಎಷ್ಟು ತಿಂದರೂ ಯಾರೂ ಮಾತಾಡುವ ಹಾಗಿಲ್ಲ. ‘ಮತ್ತೆ ತಿಂತಿದ್ದೀಯಾ?’ ಅನ್ನುವ ಮಾತನ್ನು ಮನೆಯಲ್ಲಿ ನಿಷೇಧಿಸಿದ್ದೇನೆ, ನಮ್ಮತ್ತೆಗೂ ಸೇರಿಸಿ. ಹೊಸದರಲ್ಲಿ ವಾರಕ್ಕೆ ಮೂವತ್ತು ಮೊಟ್ಟೆ ಹೋಯಿತು. ಈಗ ನಾಲ್ವರಿಗೂ ಸೇರಿ ಇಪ್ಪತ್ತೆರಡು ಇಪ್ಪತ್ನಾಲ್ಕು. ತಂಗಿಯ ಪಾಲು ಬೇರೆ ಡಬ್ಬಿಯಲ್ಲಿ, ಅವಳ ಕೋಣೆಯಲ್ಲಿ. ಕೆಂಪು ಪೆನ್ನಿನ ಅಗತ್ಯ ತಪ್ಪಿತು.

ಅಡುಗೆ ಪಟ್ಟಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಏಳು ದಿನಕ್ಕೆ ಏಳು ಬಗೆ ಬರೆದು ಅಂಟಿಸಿದ ಪಟ್ಟಿ ನಾಲ್ಕನೇ ದಿನ ಸತ್ತಿತು. ಈಗ ಭಾನುವಾರ, ಬುಧವಾರ ಎರಡೇ ದಿನ ಕಾಳು ಬೇಯಿಸುತ್ತೇನೆ. ಶನಿವಾರಕ್ಕೆ ಬೇಕಾದದ್ದನ್ನು ಚೀಲದಲ್ಲಿ ಚಪ್ಪಟೆ ಮಾಡಿ ಫ್ರೀಜರಿಗೆ ಹಾಕುತ್ತೇನೆ. ಬೇಯಿಸಿದ್ದು ಒಂದೇ, ದಿನಾ ಮೇಲಿನ ಒಗ್ಗರಣೆ ಬೇರೆ. ಉಳಿದವರ ರಾತ್ರಿ ಊಟಕ್ಕೂ ಅದೇ.

ಖರ್ಚು? ಪ್ಯಾಕೆಟ್ ತಿಂಡಿಯದು ಮೊದಲಿನ ಕಾಲು ಭಾಗಕ್ಕೆ ಬಂತು. ಮೊಟ್ಟೆ, ಹಾಲು, ಕಾಳಿನದು ಏರಿತು. ಕೂಡಿ ಕಳೆದರೆ ಅಡುಗೆಮನೆಯ ಒಟ್ಟು ಖರ್ಚು ಆರನೇ ಒಂದು ಭಾಗದಷ್ಟು ಇಳಿದಿದೆ. ಅವನು ತಿನ್ನುವುದು ಕಡಿಮೆಯಾಗಿಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಕಡಿಮೆ ಮಾಡುವುದು ನನ್ನ ಉದ್ದೇಶವೂ ಆಗಿರಲಿಲ್ಲ. ಹಾಂ, ಹುಡುಗ ಇಷ್ಟು ತಿಂದೂ ತೂಕ ಇಳಿಯುತ್ತಿದ್ದರೆ, ಜೊತೆಗೆ ಬಾಯಾರಿಕೆ, ಪದೇ ಪದೇ ಮೂತ್ರಕ್ಕೆ ಹೋಗುವುದು ಇದ್ದರೆ, ನನ್ನ ಡಬ್ಬಿ ಪುರಾಣ ಬಿಟ್ಟು ತಡಮಾಡದೆ ಡಾಕ್ಟರ ಹತ್ತಿರ ಹೋಗಿ. ಅದು ಸಕ್ಕರೆ ಕಾಯಿಲೆಯ ಲಕ್ಷಣ ಇರಬಹುದು.

ದುಬಾರಿ ಬಾದಾಮಿ, ಚಾಕೊಲೇಟನ್ನು ಎಲ್ಲಿ ಬಚ್ಚಿಟ್ಟಿದ್ದೇನೆ ಅಂತ ಬರೆಯುವುದಿಲ್ಲ. ಅವನೂ ಇದನ್ನು ಓದಬಹುದು. ಹನ್ನೊಂದು ತಿಂಗಳಲ್ಲಿ ಒಮ್ಮೆಯೂ ಸಿಕ್ಕಿಲ್ಲ.

ರಜೆಯ ದಿನ ಮಾತ್ರ ಇನ್ನೂ ನನ್ನ ಕೈಗೆ ಸಿಕ್ಕಿಲ್ಲ. ಭಾನುವಾರ ಹನ್ನೊಂದಕ್ಕೆ ಏಳುತ್ತಾನೆ, ತಿಂಡಿ ಊಟ ಎರಡೂ ಒಂದರೊಳಗೊಂದು ಕಲಸಿ ಹೋಗುತ್ತವೆ, ನಾಲ್ಕೂಮುಕ್ಕಾಲಿಗೆ ಡಬ್ಬಿ ಮುಟ್ಟುವುದಿಲ್ಲ, ರಾತ್ರಿ ಹನ್ನೊಂದಕ್ಕೆ ಮತ್ತೆ ದೀಪ. ಹೋದ ವಾರ ಹೊಸದೊಂದು ಶುರು ಮಾಡಿದ್ದೇನೆ: ಭಾನುವಾರದ ಮಧ್ಯಾಹ್ನದ ಅಡುಗೆ ಅವನದೇ, ನಾಲ್ವರಿಗೂ. ಮೊದಲ ಸಲ ಒಂದು ಬಾಣಲೆ ಸುಟ್ಟಿದೆ. ಆಮ್ಲೆಟ್ ಮಾತ್ರ ಚೆನ್ನಾಗಿತ್ತು, ಹತ್ತು ಮೊಟ್ಟೆ ಹೋಯಿತು.