ಗೋಡೆ ಮೇಲಿನ ಪಂಚಾಂಗ ನೋಡಿ ಭರತದ (ಕಡಲಿನ ಉಬ್ಬರದ) ಹೊತ್ತು ಹೇಳುವುದು ಹೇಗೆ?

ಶಿರಸಿಯಲ್ಲಿ ಹುಟ್ಟಿ, ಎಲ್ಲೂ ಅಣೆಕಟ್ಟಿಗೆ ಸಿಗದೆ ಕುಮಟಾದ ಕಡಲು ಸೇರುವ ಹೊಳೆ ಅಘನಾಶಿನಿ. ತದಡಿ ಹತ್ತಿರದ ಅದರ ಅಳಿವೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎಂಬ ರಾಮ್ಸರ್ ಪಟ್ಟ 2024ರಲ್ಲಿ ಘೋಷಣೆಯಾಗಿದೆ. ಆದರೆ ಅಲ್ಲಿ ಬಳಚು (ಚಿಪ್ಪುಮೀನು) ಹೆಕ್ಕುವವರಿಗೆ, ಉಪ್ಪುನೀರಂಚಿನ ಗಜನಿ ಗದ್ದೆ ಮಾಡುವವರಿಗೆ ದಿನಾ ಬೇಕಾದ ಲೆಕ್ಕವೇ ಬೇರೆ: ಇವತ್ತು ನೀರು ಏರುವುದು ಎಷ್ಟು ಹೊತ್ತಿಗೆ? ಮೊಬೈಲ್‌ನಲ್ಲಿ ಸಿಗುತ್ತದೆ, ನಿಜ. ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ ಅಂದಾಗ ಏನು ಮಾಡುತ್ತೀರಿ?

ಮೊದಲು ನಿಮ್ಮ ಊರಿನ 'ಅಮಾವಾಸ್ಯೆ ಗಂಟೆ' ಹಿಡಿಯಿರಿ. ಅಮಾವಾಸ್ಯೆಯ ದಿನ ಹೊಳೆ ದಂಡೆಗೆ ಹೋಗಿ, ನೀರು ಪೂರ್ತಿ ಏರಿ ನಿಂತ ಹೊತ್ತನ್ನು ಬರೆದುಕೊಳ್ಳಿ. ಕಡಲಂಚಿಗೂ ಒಳಗಿನ ಹಳ್ಳಿಗೂ ಈ ಹೊತ್ತು ಬೇರೆ. ಅಳಿವೆ ಬಾಯಿಂದ ಒಳಗೆ ಬರಲು ನೀರಿಗೂ ಸಮಯ ಬೇಕಲ್ವಾ? ಹಾಗಾಗಿ ಪಕ್ಕದೂರಿನ ಗಂಟೆ ಕೇಳಿ ತರಬೇಡಿ.

ಆಮೇಲೆ ಸುಲಭದ ಗುಣಾಕಾರ. ತಿಥಿಯನ್ನು 48 ನಿಮಿಷದಿಂದ ಗುಣಿಸಿ, ಆ ಗಂಟೆಗೆ ಕೂಡಿಸಿ. ನಿಮ್ಮ ಅಮಾವಾಸ್ಯೆ ಗಂಟೆ 11 ಅಂತ ಇಟ್ಟುಕೊಳ್ಳಿ. ಇವತ್ತು ಪಂಚಮಿ. 5 ಸಲ 48 ಅಂದರೆ 240 ನಿಮಿಷ, ಅಂದರೆ 4 ಗಂಟೆ. ಭರತ ಮಧ್ಯಾಹ್ನ 3ಕ್ಕೆ. ಇನ್ನೊಂದು ಭರತ ಸುಮಾರು 12 ಗಂಟೆ 25 ನಿಮಿಷ ಹಿಂದೆ, ನಸುಕಿನ ಎರಡೂವರೆಗೇ ಆಗಿಹೋಗಿದೆ. ಎರಡರ ನಡುವೆ, ಬೆಳಿಗ್ಗೆ ಒಂಬತ್ತರ ಸುಮಾರಿಗೆ, ಪೂರ್ತಿ ಇಳಿತ. ಹುಣ್ಣಿಮೆಯ ಹೊತ್ತಿಗೆ 15 ತಿಥಿ ಸೇರಿ ಸರಿಯಾಗಿ 12 ಗಂಟೆ ಆಗುತ್ತದೆ, ಗಡಿಯಾರದ ಮುಳ್ಳು ಮತ್ತೆ 11ಕ್ಕೇ ಬರುತ್ತದೆ. ಅಲ್ಲಿಂದ ಪಾಡ್ಯ ಒಂದು, ಬಿದಿಗೆ ಎರಡು ಅಂತ ಹೊಸದಾಗಿ ಎಣಿಸಿ. ಅರ್ಧ ಗಂಟೆ ಆಚೀಚೆ ಆದೀತು. ನಿಮಿಷ ಲೆಕ್ಕ ಬೇಕಾದವರು ಅಚ್ಚಾದ ಭರತದ ಪಟ್ಟಿಯನ್ನೇ ನೋಡಬೇಕು.

ಎಷ್ಟು ನೀರು ಎನ್ನುವುದನ್ನೂ ತಿಥಿಯೇ ಹೇಳುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನ ನೀರು ಜಾಸ್ತಿ ಏರಿ ಜಾಸ್ತಿ ಇಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಸಪ್ಪೆ.

ಎಲ್ಲರೂ ಎಡವುವುದು ನೀರು ಏರುವ ವೇಗದಲ್ಲಿ. ಆರು ಗಂಟೆಯೂ ಒಂದೇ ಸಮ ಏರುತ್ತದೆ ಅಂದುಕೊಳ್ಳುತ್ತಾರೆ, ಇಲ್ಲ. ಆರಡಿ ಏರುವ ದಿನ ಮೊದಲ ಗಂಟೆಯಲ್ಲಿ ಬರುವುದು ಬರೀ ಅರ್ಧ ಅಡಿ. ಎರಡನೆಯದರಲ್ಲಿ ಒಂದಡಿ. ಮೂರು, ನಾಲ್ಕನೆಯ ಗಂಟೆಗಳಲ್ಲಿ ಒಂದೂವರೆ ಒಂದೂವರೆ ಅಡಿ. ಆಮೇಲೆ ಮತ್ತೆ ಒಂದು, ಅರ್ಧ. ಮೊಣಕಾಲು ನೀರಲ್ಲಿ ಬಗ್ಗಿ ಬಳಚು ಹುಡುಕುವವರಿಗೆ ಮೊದಲ ಗಂಟೆ ಏನೂ ಗೊತ್ತಾಗುವುದಿಲ್ಲ. ಬುಟ್ಟಿ ತುಂಬಲಿ ಅಂತ ನಿಂತರೆ ನೋಡನೋಡುತ್ತಿದ್ದಂತೆ ಸೊಂಟಕ್ಕೆ ಬಂದಿರುತ್ತದೆ. ಒಮ್ಮೆ ಸುಮ್ನೆ ನೋಡಲು ಹೋದ ನಾನು ಕೆಸರಿಗೆ ಒಂದು ಚಪ್ಪಲಿ ಕೊಟ್ಟು ಬಂದಿದ್ದೇನೆ. ಒಂದು ಗೂಟಕ್ಕೆ ಅರ್ಧರ್ಧ ಅಡಿಗೆ ಬಣ್ಣದ ಗೆರೆ ಎಳೆದು ನೆಡಿ. ಎರಡನೇ ಗೆರೆ ಮುಳುಗಿತೋ, ದಡಕ್ಕೆ ಹೊರಡಿ.

ಗಜನಿಯವರ ಕೆಲಸ ಒಡ್ಡಿನ ಮೇಲೆ. ಇಳಿತದಲ್ಲಿ ಹಲಗೆ ಬಾಗಿಲು ತೆರೆದು ಮಳೆನೀರು ಹೊರಗೆ ಬಿಡಿ, ನೀರು ತಿರುಗುವ ಮೊದಲೇ ಮುಚ್ಚಿ. ಕಗ್ಗ ಭತ್ತ ಉಪ್ಪು ತಡೆಯುತ್ತದೆ, ನಿಜ, ಹಾಗಂತ ಒಡ್ಡು ಒಡೆದರೆ ಉಳಿಯುವುದಿಲ್ಲ. ಹುಣ್ಣಿಮೆಗೆ ಎರಡು ದಿನ ಮೊದಲು ಒಡ್ಡಿನ ಮೇಲೆ ಒಂದು ಸುತ್ತು ಹಾಕಿ. ಏಡಿ ಬಿಲ ಕಂಡರೆ ಜಿಗುಟು ಮಣ್ಣು ತುರುಕಿ ತುಳಿಯಿರಿ. ಬೆರಳು ತೂರುವಷ್ಟು ಬಿಲ ಒಂದೇ ಭರತಕ್ಕೆ ಕೈ ಹೋಗುವಷ್ಟು ಆಗುವುದುಂಟು.

ಇನ್ನು ನೆರೆ. ಘಟ್ಟದ ಮೇಲೆ ಎಷ್ಟು ಮಳೆ ಬಿತ್ತು ಅಂತ ಎಲ್ಲರೂ ಕೇಳುತ್ತಾರೆ. ಆ ನೀರು ಕೆಳಗೆ ಬರುವ ಹೊತ್ತಿಗೆ ಕಡಲು ಏರಿತ್ತೋ ಇಳಿದಿತ್ತೋ ಅಂತ ಕೇಳುವವರು ಕಡಿಮೆ. ಏರಿದ್ದರೆ ಹೊಳೆಗೆ ಹೊರಗೆ ಹೋಗಲು ದಾರಿಯಿಲ್ಲ, ಅಂಗಳಕ್ಕೆ ಬರುತ್ತದೆ. ಪಡುವಣ ಗಾಳಿ ಜೋರಾಗಿದ್ದರೆ, ಹೊಳೆ ಮೊದಲೇ ತುಂಬಿದ್ದರೆ ಪಂಚಾಂಗದ ಲೆಕ್ಕಕ್ಕಿಂತ ನೀರು ಮೇಲೇ ಬರುತ್ತದೆ, ಇಳಿಯುವುದೂ ತಡ. ಅಂಥ ದಿನ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಕೊಡುವ ಅಲೆಗಳ ಎಚ್ಚರಿಕೆಯನ್ನೂ ನೋಡಿಕೊಳ್ಳಿ. ಭರತ ನಡುರಾತ್ರಿಯ ನಂತರ ಇದ್ದರೆ ಕತ್ತಲಾಗುವ ಮೊದಲೇ ದನ ಬಿಚ್ಚಿ ದಿಬ್ಬಕ್ಕೆ ಕಟ್ಟಿ, ಅಕ್ಕಿ ಚೀಲ ಅಟ್ಟಕ್ಕೆ ಏರಿಸಿ, ದೋಣಿಯ ಹಗ್ಗವನ್ನು ಮಾತ್ರ ಸ್ವಲ್ಪ ಉದ್ದ ಬಿಡಿ. ಗಿಡ್ಡ ಹಗ್ಗಕ್ಕೆ ಕಟ್ಟಿದ ದೋಣಿ ನೀರಿನ ಜೊತೆ ಮೇಲೇಳಲಾರದೆ ಮಗುಚುತ್ತದೆ.