ಗೆರೆ ಇರುವ ಫ್ರೆಟ್‌ಲೆಸ್ಸೋ, ಇಲ್ಲದ್ದೋ: ನನ್ನ ಅನುಭವ

ದಾವಣಗೆರೆಯಲ್ಲಿ ಗಣಪತಿ ಹಬ್ಬ ಬಂತೆಂದರೆ ನಮ್ಮ ಆರ್ಕೆಸ್ಟ್ರಾಕ್ಕೆ ಬಿಡುವಿಲ್ಲ. ಉಳಿದಂತೆ ಚಿತ್ರದುರ್ಗದ ಕಡೆ ವಚನ ಗಾಯನಕ್ಕೂ ಬೇಸ್ ಗಿಟಾರ್ ನುಡಿಸುತ್ತೇನೆ. ಫ್ರೆಟ್‌ಲೆಸ್, ಅಂದರೆ ಬೆರಳಿಡುವ ಹಲಗೆಗೆ ಅಡ್ಡಲಾಗಿ ಕೂರಿಸುವ ಲೋಹದ ಕಡ್ಡಿಗಳು (ಫ್ರೆಟ್) ಇಲ್ಲದ ಬೇಸ್, ಕೊಳ್ಳುವಾಗ ಗೆರೆ ಬೇಕೋ ಬೇಡವೋ ಅನ್ನುವುದನ್ನು ಆ ವಚನ ಗಾಯನವೇ ತೀರ್ಮಾನಿಸಿತು.

ಗೆರೆ ಅಂದರೆ ಫ್ರೆಟ್ ಇರಬೇಕಿದ್ದ ಜಾಗದ ಗುರುತು. ಫ್ರೆಟ್ ಇದ್ದಾಗ ಅದರ ಹಿಂದೆ ಒತ್ತುತ್ತೇವೆ. ಇಲ್ಲಿ ಬೆರಳು ಗೆರೆಯ ಮೇಲೆಯೇ ಕೂರಬೇಕು. ಆದರೆ ಆ ಗೆರೆ ಹಾಕಿರುವುದು ಕೀಬೋರ್ಡಿನ ಲೆಕ್ಕಕ್ಕೆ, ಸಪ್ತಕವನ್ನು 12 ಸಮಪಾಲು ಮಾಡಿ. ತಂಬೂರಿಯ ಜೊತೆ ಕೂತಾಗ ಪಿಟೀಲಿನ ಮೇಷ್ಟ್ರು, "ತಮ್ಮಾ, ಗಾಂಧಾರ ಒಂಚೂರು ಇಳಿಸು" ಅನ್ನುತ್ತಿದ್ದರು. ಲೆಕ್ಕ ಹಾಕಿ ನೋಡಿದೆ. 34 ಇಂಚಿನ, ಅಂದರೆ ಸುಮಾರು 864 ಮಿ.ಮೀ. ತಂತಿಯನ್ನು ಷಡ್ಜವೆಂದುಕೊಂಡರೆ, ತಂಬೂರಿಗೆ ಹೊಂದುವ 'ಅಂತರ ಗಾಂಧಾರ' (ಎತ್ತರದ ಗಾಂಧಾರ) ಅದರ ಐದರಲ್ಲಿ ನಾಲ್ಕು ಪಾಲಿನ ಉದ್ದಕ್ಕೆ ಬರುತ್ತದೆ. ಅದೇ ಸ್ವರಕ್ಕೆ ಹಾಕಿರುವ ನಾಲ್ಕನೇ ಗೆರೆಗಿಂತ ಐದು ಮಿ.ಮೀ.ಗೂ ಹೆಚ್ಚು ಹಿಂದೆ, ನಟ್ಟಿನ (ಹಲಗೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿಯ) ಕಡೆಗೆ! ಪಂಚಮದಲ್ಲಿ ಒಂದು ಮಿ.ಮೀ. ಕೂಡ ವ್ಯತ್ಯಾಸವಿಲ್ಲ. ಗೆರೆ ಕಣ್ಣಿಗೆ ಬಿದ್ದರೆ ನನ್ನ ಬೆರಳು ಅಲ್ಲಿಗೇ ಓಡುತ್ತದೆ, ಕಿವಿ ಬೇಡ ಅಂದರೂ. ಹಾಗಾಗಿ ಗೆರೆ ಇಲ್ಲದ್ದನ್ನೇ ತೆಗೆದುಕೊಂಡೆ.

ಗೆರೆ ಇದ್ದರೆ ಕೀಳು ಅಂತಲ್ಲ. ಅಮೆರಿಕದ ಹೆಸರಾಂತ ಬೇಸ್ ವಾದಕ ಜಾಕೊ ಪಾಸ್ಟೋರಿಯಸ್, ಫ್ರೆಟ್ ಕಿತ್ತ ಫೆಂಡರ್ ಜಾಝ್ ಬೇಸ್‌ನ ಸಂದು ತುಂಬಿ, ಎಪಾಕ್ಸಿ (ಒಣಗಿ ಗಟ್ಟಿಯಾಗುವ ಅಂಟು) ಬಳಿದು ನುಡಿಸಿದವರು. ಅವರ ಹಲಗೆಯ ಮೇಲೆ ಗೆರೆಗಳು ಎದ್ದು ಕಾಣುತ್ತಿದ್ದವು; ಅವರ ಶ್ರುತಿಶುದ್ಧಿಗೆ ಇವತ್ತಿಗೂ ತಲೆದೂಗುತ್ತೇವೆ. ಬರೀ ಆರ್ಕೆಸ್ಟ್ರಾದಲ್ಲಿ, ಕೀಬೋರ್ಡಿನ ಪಕ್ಕ ನಿಂತು ನುಡಿಸುವವರಿಗೆ ನಾನು ಗೆರೆ ಇರುವುದನ್ನೇ ಹೇಳುತ್ತೇನೆ. ಅದರಲ್ಲೂ 12ನೇ ಸ್ಥಾನದ ಹತ್ತಿರ ಎರಡು ಗೆರೆಗಳ ನಡುವೆ ಒಂದೇ ಇಂಚು ಇರುವುದರಿಂದ, ಕೆಳಗಿನಿಂದ ಒಮ್ಮೆಲೇ ಮೇಲಕ್ಕೆ ಹಾರುವಾಗ ಅವು ಆಸರೆಯಾಗುತ್ತವೆ.

ಕೊಳ್ಳುವಾಗ ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಹಲಗೆಯ ಅಂಚಿನ ಚುಕ್ಕಿಗಳನ್ನು. ಕೆಲವು ಬೇಸ್‌ಗಳಲ್ಲಿ ಚುಕ್ಕಿ ಫ್ರೆಟ್ ಬೇಸ್‌ನಂತೆ ಎರಡು ಗೆರೆಗಳ ನಡುವೆ ಇರುತ್ತದೆ, ಕೆಲವುದರಲ್ಲಿ ಸ್ವರಸ್ಥಾನದ ನೇರಕ್ಕೇ ಇರುತ್ತದೆ. ಗೆರೆ ಇಲ್ಲದ ಹಲಗೆಗೆ ಎರಡನೆಯದೇ ಬೇಕು. ನಿಂತು ನುಡಿಸುವಾಗ ನಮಗೆ ಕಾಣುವುದು ಅಂಚು ಮಾತ್ರ. ಹಲಗೆಯ ಮುಖ ನೋಡಲು ಬಗ್ಗಿದರೆ ಓರೆಗಣ್ಣಿಗೆ ಗೆರೆಯೂ ಸರಿದಂತೆ ಕಾಣುತ್ತದೆ. ಅಂಗಡಿಯಲ್ಲಿ ಕೂತು ನೋಡಬೇಡಿ. ಹೆಗಲಿಗೆ ಪಟ್ಟಿ ಹಾಕಿಕೊಂಡು ನಿಂತು, 12ನೇ ಚುಕ್ಕಿಯ ಮೇಲೆ ಬೆರಳಿಟ್ಟು ಖಾಲಿ ತಂತಿಯ ಜೊತೆ ಹೋಲಿಸಿ ಕೇಳಿ.