ಜಗುಲಿಯ ಪ್ರೊಜೆಕ್ಟರಿಗೆ ಎಂಥ ಸ್ಟಿಕ್ ಬೇಕು?

ಶಿರಸಿ ಕಡೆಯ ಹಳ್ಳಿಮನೆಯಲ್ಲಿ ಪ್ರೊಜೆಕ್ಟರಿಗೆ ಸ್ಟ್ರೀಮಿಂಗ್ ಸ್ಟಿಕ್ (ಇಂಟರ್ನೆಟ್ಟಿನ ವಿಡಿಯೊಗಳನ್ನು ಪರದೆಗೆ ತರುವ ಪುಟ್ಟ ಸಾಧನ) ಆರಿಸುವವರು 4ಕೆ ಎಂಬ ಅಕ್ಷರಗಳನ್ನು ಬದಿಗಿಟ್ಟು, ಅದಕ್ಕೆ ಎಷ್ಟು ವಿದ್ಯುತ್ ಬೇಕು ಎಂಬುದನ್ನು ಮೊದಲು ನೋಡಬೇಕು. ಮಳೆಗಾಲದಲ್ಲಿ ಕರೆಂಟ್ ಹೋದರೆ ಬ್ಯಾಟರಿಯುಳ್ಳ ಪ್ರೊಜೆಕ್ಟರ್ ಉರಿಯುತ್ತಲೇ ಇರುತ್ತದೆ. ಗೋಡೆಯ ಪ್ಲಗ್ಗಿನಲ್ಲಿರುವ ಸ್ಟಿಕ್ ಮಾತ್ರ ಆರಿಹೋಗುತ್ತದೆ. ಪ್ರೊಜೆಕ್ಟರಿನ ಯುಎಸ್‌ಬಿ ಕಿಂಡಿಯಿಂದಲೇ ಕೊಡೋಣವೆಂದರೆ ಅಲ್ಲಿ ಸಾಮಾನ್ಯವಾಗಿ ಸಿಗುವುದು ಅರ್ಧ ಆಂಪಿಯರ್. ನಾನು ಕೊಂಡ ಫುಲ್ ಎಚ್‌ಡಿ ಫೈರ್ ಟಿವಿ ಸ್ಟಿಕ್ಕಿಗೆ 5 ವೋಲ್ಟಿನಲ್ಲಿ 1 ಆಂಪಿಯರ್ ಬೇಕು. ಕಡಿಮೆಯಾದರೆ ಯಕ್ಷಗಾನದ ನಡುವೆಯೇ ಅದು ಮತ್ತೆ ಮೊದಲಿನಿಂದ ಚಾಲೂ ಆಗುತ್ತದೆ. ಆದ್ದರಿಂದ ಸ್ಟಿಕ್ಕಿಗೆಂದೇ ಒಂದು ಪವರ್ ಬ್ಯಾಂಕ್ ಇಟ್ಟಿದ್ದೇನೆ.

4ಕೆ ಚಿತ್ರದಲ್ಲಿ ಸುಮಾರು 83 ಲಕ್ಷ ಚುಕ್ಕೆಗಳು, ಫುಲ್ ಎಚ್‌ಡಿಯಲ್ಲಿ 21 ಲಕ್ಷ. ಪ್ರೊಜೆಕ್ಟರಿನ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ‘4ಕೆ ಸಪೋರ್ಟ್’ ಎಂದಿದ್ದರೆ ಅಂಥ ಸಿಗ್ನಲನ್ನು ಅದು ಒಪ್ಪಿಕೊಳ್ಳುತ್ತದೆ ಎಂದಷ್ಟೇ ಅರ್ಥ. ಗೋಡೆಗೆ ಬೀಳುವುದು ‘ನೇಟಿವ್’ ಎಂದು ಸಣ್ಣಕ್ಷರದಲ್ಲಿ ಬರೆದಿರುವಷ್ಟೇ. ನನ್ನದು 720, ಅಂದರೆ ಫುಲ್ ಎಚ್‌ಡಿಗಿಂತಲೂ ಕಡಿಮೆ. ಅದಕ್ಕೆ 4ಕೆ ಸ್ಟಿಕ್ ದಂಡ.

ಮೊಬೈಲಿನಿಂದಲೇ ಬಿಂಬಿಸಿದರೆ ಸಾಲದೇ ಎಂದು ಅಪ್ಪಯ್ಯ ಕೇಳಿದರು. ಯೂಟ್ಯೂಬಿಗೆ ಸಾಕು. ನೆಟ್‌ಫ್ಲಿಕ್ಸ್‌ನಂಥ ಆ್ಯಪ್‌ಗಳು ನಕಲು ತಡೆಯಲು ಪರದೆಯನ್ನು ಕಪ್ಪಾಗಿಸುತ್ತವೆ.

ಹೆಚ್ಚು ತಲೆ ತಿಂದದ್ದು ಧ್ವನಿ. ಬ್ಲೂಟೂತ್ ಸ್ಪೀಕರ್ ಜೋಡಿಸಿದಾಗ ಚೆಂಡೆಯವನ ಕೋಲು ಬಿದ್ದು ಮೇಲೆದ್ದ ಮೇಲೆ ಪೆಟ್ಟು ಕೇಳುತ್ತಿತ್ತು. ಸಿನಿಮಾದಲ್ಲಾದರೆ ಕ್ಷಮಿಸಿಬಿಡಬಹುದು, ಯಕ್ಷಗಾನದ ಆಟದಲ್ಲಿ ಆಗುವುದಿಲ್ಲ. ಆಯಿಗೆ ತಾಳ ತಪ್ಪಿದ್ದು ಮೊದಲ ಪದ್ಯದಲ್ಲೇ ಗೊತ್ತಾಯಿತು. ಈಗ ಪ್ರೊಜೆಕ್ಟರಿನ ಇಯರ್‌ಫೋನ್ ತೂತಿನಿಂದ ಸ್ಪೀಕರಿಗೆ ತಂತಿ ಎಳೆದಿದ್ದೇನೆ, ವಿಳಂಬವಿಲ್ಲ. ಕೆಲವು ಚಿತ್ರಗಳಲ್ಲಿ ದೃಶ್ಯ ಬಂದು ಮಾತೇ ಬಾರದಿದ್ದರೆ ಅದು ಬೇರೆ ರೋಗ: ಅಗ್ಗದ ಪ್ರೊಜೆಕ್ಟರಿಗೆ ಡಾಲ್ಬಿ ಎಂಬ ಧ್ವನಿಯ ಕಟ್ಟನ್ನು ಬಿಡಿಸಲು ಬರುವುದಿಲ್ಲ. ಸ್ಟಿಕ್ಕಿನ ಧ್ವನಿ ಸೆಟ್ಟಿಂಗಿನಲ್ಲಿ ಪಿಸಿಎಂ (ಬಿಡಿಸುವ ಅಗತ್ಯವಿಲ್ಲದ ಸಾದಾ ಧ್ವನಿ) ಆರಿಸಿದರೆ ಸರಿಹೋಗುತ್ತದೆ.

ಸ್ಟಿಕ್ಕನ್ನು ನೇರವಾಗಿ ಎಚ್‌ಡಿಎಂಐ ಕಿಂಡಿಗೆ ಸಿಕ್ಕಿಸಿದರೆ ನನ್ನ ಪ್ರೊಜೆಕ್ಟರಿನ ಫ್ಯಾನ್ ಉಗುಳುವ ಬಿಸಿಗಾಳಿ ಅದರ ಮೇಲೆಯೇ ಬೀಳುತ್ತದೆ. ಗೇಣುದ್ದದ ಎಕ್ಸ್‌ಟೆನ್ಶನ್ ಕೇಬಲ್ ಹಾಕಿದ ಮೇಲೆ ಸ್ಟಿಕ್ ತಣ್ಣಗಿದೆ, ವೈಫೈ ಕೂಡ ಚೆನ್ನಾಗಿ ಹಿಡಿಯುತ್ತದೆ. ಸ್ಟಿಕ್ಕಿನ ರಿಮೋಟ್ ಬ್ಲೂಟೂತಿನದ್ದಾದ್ದರಿಂದ ಕಂಬದ ಮರೆಯಲ್ಲಿ ಕುಳಿತರೂ ನಡೆಯುತ್ತದೆ.

ಮನೆಯಲ್ಲಿ ಮೊಬೈಲ್ ಹಾಟ್‌ಸ್ಪಾಟೇ ಗತಿಯಾದರೆ ಡೇಟಾದ ಲೆಕ್ಕ ಇರಲಿ: ನೆಟ್‌ಫ್ಲಿಕ್ಸ್ ಎಚ್‌ಡಿಯಲ್ಲಿ ಗಂಟೆಗೆ 3 ಜಿಬಿವರೆಗೆ ನುಂಗುತ್ತದೆ, ಸಾಧಾರಣ ಗುಣಮಟ್ಟದಲ್ಲಿ 1 ಜಿಬಿವರೆಗೆ. ನಾನು ಸಾಧಾರಣದಲ್ಲೇ ಇಟ್ಟಿದ್ದೇನೆ. ಸುಣ್ಣ ಬಳಿದ ಜಗುಲಿಯ ಗೋಡೆಗೆ ಅಷ್ಟು ಧಾರಾಳ. ನೆಟ್‌ವರ್ಕ್ ಪೂರ್ತಿ ಕೈಕೊಟ್ಟ ರಾತ್ರಿಗೆಂದು, ಮಕ್ಕಳ ಮದುವೆಯ ವಿಡಿಯೊ ಮತ್ತು ನಾವೇ ಚಿತ್ರಿಸಿಕೊಂಡ ಊರಿನ ತಾಳಮದ್ದಳೆಗಳನ್ನು ಪೆನ್‌ಡ್ರೈವಿಗೆ ತುಂಬಿಸಿ, ಸ್ಟಿಕ್ಕಿಗೆ ಸಾಲದ ಆ ಯುಎಸ್‌ಬಿ ಕಿಂಡಿಯಲ್ಲಿ ಸಿಕ್ಕಿಸಿಟ್ಟಿದ್ದೇನೆ.